ಹೊಟ್ಟೆ ಬಗ್ಗೆನೇ ಇಡೀ ಜೀವನ ರಿಸರ್ಚ್ ಮಾಡ್ಬೋದಾ? ಓದುಗರ ಪ್ರಶ್ನೆಗೊಂದು ಉದ್ದದ ಉತ್ತರ

ಪ್ರಶ್ನೆ: ಮೆಡಿಕಲ್ ಓದು ಮುಗೀತಾ ಬಂತು. ಜೀರ್ಣಾಂಗ, ಪೋಷಣೆ ಕಡೆ ರಿಸರ್ಚ್ ಮಾಡೋ ಆಸೆ ಇದೆ. ಆದ್ರೆ ಈ ಫೀಲ್ಡಲ್ಲಿ ಇವತ್ತು ಒಳ್ಳೇದು ಅಂದಿದ್ದನ್ನ ನಾಳೆ ಕೆಟ್ಟದ್ದು ಅಂತಾರೆ. ಮನೇಲೂ "ಪೇಷಂಟ್ ನೋಡೋದು ಬಿಟ್ಟು ಇದೇನು ಹುಚ್ಚು" ಅಂತಿದ್ದಾರೆ. ನೀವು ಇಷ್ಟು ವರ್ಷ ಇದ್ರಲ್ಲೇ ಇದ್ದೀರಲ್ಲ ಸರ್, ದಿನಾ ಏನ್ ಕೆಲ್ಸ ಇರುತ್ತೆ? ಕೊನೆಗೂ ಏನಾದ್ರೂ ಖಚಿತವಾಗಿ ಗೊತ್ತಾಗುತ್ತಾ?

ಉತ್ತರ:

ನಿಮ್ಮ ಕೊನೇ ಪ್ರಶ್ನೆಯಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ಮಿಕ್ಕಿದ್ದೆಲ್ಲ ಅದ್ರ ಮೇಲೇ ನಿಂತಿರೋದು. ಖಚಿತವಾಗಿ ಗೊತ್ತಾಗುತ್ತೆ, ಆದ್ರೆ ಸಣ್ಣ ಪ್ರಶ್ನೆಗಳಿಗೆ ಮಾತ್ರ. "ಮನುಷ್ಯ ಏನ್ ತಿನ್ನಬೇಕು" ಅಂತ ಕೇಳ್ಕೊಂಡು ಲ್ಯಾಬ್ ಒಳಗೆ ಬಂದೋರು ಐದಾರು ವರ್ಷದಲ್ಲಿ ಒಂದೋ ಫೀಲ್ಡ್ ಬಿಟ್ಟು ಹೋಗ್ತಾರೆ, ಇಲ್ಲಾ ಟೀವಿಯಲ್ಲಿ ಕೂತು ಸಲಹೆ ಕೊಡೋಕೆ ಶುರು ಮಾಡ್ತಾರೆ. "ಈ ಒಂದು ಸಕ್ಕರೆ ಅಂಶ ಸಣ್ಣ ಕರುಳಲ್ಲಿ ಹೀರ್ಕೊಳ್ದೆ ದೊಡ್ಡ ಕರುಳಿಗೆ ಇಳಿದ್ರೆ ಅಲ್ಲಿ ಏನಾಗುತ್ತೆ" ಅಂತ ಕೇಳ್ದೋರು ಮೂವತ್ತು ವರ್ಷ ಆರಾಮಾಗಿ ಕೆಲ್ಸ ಮಾಡ್ತಾರೆ. ನಾನು ಬರೋವಾಗ ಮೊದಲ್ನೇ ಗುಂಪಿನವನಾಗಿದ್ದೆ, ಎರಡನೇದಕ್ಕೆ ಬರೋಕೆ ಒಂದು ಸರಿಯಾದ ಪೆಟ್ಟು ಬೇಕಾಯ್ತು.

ಆ ಪೆಟ್ಟಿನ ಕಥೆ ಹೇಳ್ಬಿಡ್ತೀನಿ. ನನ್ನ ಮೊದಲ್ನೇ ಪ್ರಾಜೆಕ್ಟಲ್ಲಿ ಜನಕ್ಕೆ ಒಂದೊಂದು ಪುಸ್ತಕ ಕೊಟ್ಟು, ದಿನಾ ತಿಂದಿದ್ದನ್ನೆಲ್ಲ ತಿಂದ ತಕ್ಷಣ ಬರೀರಿ ಅಂತ ಹೇಳಿದ್ವಿ. ಪುಸ್ತಕಗಳು ವಾಪಸ್ ಬಂದಾಗ ನಂಗೆ ಖುಷಿಯೋ ಖುಷಿ, ಒಂದು ದಿನಾನೂ ಖಾಲಿ ಇಲ್ಲ. ನಮ್ಮ ಗೈಡ್ ಮೇಡಂ ಎರಡು ಪುಸ್ತಕ ತಿರುವಿ ನೋಡಿ "ಇಡೀ ವಾರ ಒಂದೇ ಪೆನ್ನು, ಒಂದೇ ಓಟದ ಕೈಬರಹ, ಇದನ್ನ ಆಸ್ಪತ್ರೆ ವರಾಂಡದಲ್ಲಿ ಕೂತು ಹತ್ತು ನಿಮಿಷದಲ್ಲಿ ಬರ್ದಿದ್ದಾರೆ ಕಣೋ" ಅಂದ್ರು. ಜನ ಮೋಸ ಮಾಡಿದ್ರು ಅಂತಲ್ಲ, ನೀವೇ ಯೋಚ್ನೆ ಮಾಡಿ, ಮೊನ್ನೆ ಮಧ್ಯಾಹ್ನ ಎಷ್ಟು ತಿಂದ್ರಿ ಅಂತ ಗ್ರಾಂ ಲೆಕ್ಕದಲ್ಲಿ ಹೇಳ್ತೀರಾ? ಇನ್ನು ಡಾಕ್ಟ್ರು ನೋಡ್ತಾರೆ ಅಂತ ಗೊತ್ತಿದ್ರೆ ಬಾಯಾಡಿಸಿದ್ದೆಲ್ಲ ತಾನಾಗೇ ಮರ್ತುಹೋಗುತ್ತೆ. ನಾನು ಆ ಡೇಟಾ ಮೇಲೆ ಕಟ್ಟಿದ್ದ ಥಿಯರಿ ಎಲ್ಲ ಅವತ್ತೇ ಕುಸಿದು ಬಿತ್ತು.

ಇದು ನನ್ನೊಬ್ಬನ ಹಣೆಬರಹ ಅಲ್ಲ, ಇಡೀ ಪೋಷಣಾ ವಿಜ್ಞಾನದ ಮೂಲ ಕಾಯಿಲೆನೇ ಇದು. ಒಳಗೆ ಏನ್ ಹೋಯ್ತು ಅನ್ನೋದೇ ಸರಿಯಾಗಿ ಗೊತ್ತಾಗಲ್ಲ. ಇದನ್ನ ಹಿಡಿದು ತೋರ್ಸೋಕೆ ಒಂದು ಚಂದದ ವಿಧಾನ ಇದೆ, ಮಾಮೂಲಿಗಿಂತ ಸ್ವಲ್ಪ ಭಾರದ ಹೈಡ್ರೋಜನ್ನು, ಭಾರದ ಆಕ್ಸಿಜನ್ನು ಇರೋ ನೀರನ್ನ ಕುಡಿಸ್ತಾರೆ, ವಿಕಿರಣ ಗಿಕಿರಣ ಏನಿಲ್ಲ, ಅಪಾಯ ಇಲ್ಲ. ಆಮೇಲೆ ಒಂದೆರಡು ವಾರ ಮೂತ್ರದ ಸ್ಯಾಂಪಲ್ ತಗೋತಾರೆ. ಹೈಡ್ರೋಜನ್ ದೇಹದಿಂದ ನೀರಾಗಿ ಮಾತ್ರ ಹೊರಗೆ ಹೋಗುತ್ತೆ, ಆಕ್ಸಿಜನ್ ನೀರಾಗೂ ಹೋಗುತ್ತೆ, ಉಸಿರಲ್ಲಿ ಬಿಡೋ ಇಂಗಾಲದ ಡೈಆಕ್ಸೈಡ್ ಆಗೂ ಹೋಗುತ್ತೆ. ಎರಡರ ನಡುವಿನ ವ್ಯತ್ಯಾಸ ನೋಡಿದ್ರೆ ಆ ಮನುಷ್ಯ ಅಷ್ಟು ದಿನದಲ್ಲಿ ಎಷ್ಟು ಶಕ್ತಿ ಸುಟ್ಟ ಅಂತ ಲೆಕ್ಕ ಸಿಗುತ್ತೆ. ತೂಕ ಹೆಚ್ಚುಕಮ್ಮಿ ಆಗಿಲ್ಲ ಅಂದ್ರೆ ಸುಟ್ಟಷ್ಟೇ ತಿಂದಿರ್ಬೇಕು ತಾನೇ? ಅದನ್ನ ಪುಸ್ತಕದಲ್ಲಿ ಬರೆದಿದ್ದರ ಪಕ್ಕ ಇಟ್ಟು ನೋಡಿದಾಗೆಲ್ಲ ಪುಸ್ತಕದ ಲೆಕ್ಕ ಕಮ್ಮಿ ಬರುತ್ತೆ, ಅದ್ರಲ್ಲೂ ದಪ್ಪ ಇರೋರಲ್ಲಿ ಇನ್ನೂ ಕಮ್ಮಿ. ಈಗ ನೀವು ಪೇಪರಲ್ಲಿ ಓದೋ "ಇದನ್ನ ತಿಂದ್ರೆ ಆಯಸ್ಸು ಜಾಸ್ತಿ" ಅನ್ನೋ ಸುದ್ದಿಗಳಲ್ಲಿ ಬಹುಪಾಲು ಇಂಥ ನೆನಪಿನ ಲೆಕ್ಕದ ಮೇಲೇ ನಿಂತಿರೋದು. ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ್ರಂತೆ, ಹಂಗೆ.

ಹಾಗಾದ್ರೆ ಸರಿಯಾಗಿ ಅಳೀಬೇಕು ಅಂದ್ರೆ ಏನ್ ಮಾಡ್ಬೇಕು? ಜನರನ್ನ ಒಳಗೆ ಕೂರಿಸ್ಕೊಂಡು ನೀವೇ ಊಟ ಬಡಿಸ್ಬೇಕು. ಅಮೆರಿಕದ ಬೆಥೆಸ್ಡಾದಲ್ಲಿರೋ ಸರ್ಕಾರಿ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ ಕೆವಿನ್ ಹಾಲ್ ಅನ್ನೋರ ತಂಡ ಇದನ್ನೇ ಮಾಡ್ತು, ಫಲಿತಾಂಶ 2019ರಲ್ಲಿ ಬಂತು. 20 ಜನ, 28 ದಿನ ವಾರ್ಡಲ್ಲೇ ವಾಸ. ಎರಡು ವಾರ ಫ್ಯಾಕ್ಟರಿಯಲ್ಲಿ ತುಂಬಾ ಸಂಸ್ಕರಿಸಿದ ಆಹಾರ, ಎರಡು ವಾರ ಅಷ್ಟಾಗಿ ಸಂಸ್ಕರಿಸದ ಆಹಾರ, ಯಾವುದು ಮೊದಲು ಅನ್ನೋದು ಚೀಟಿ ಎತ್ತಿದ ಹಾಗೆ. ಮುಂದಿಟ್ಟ ತಟ್ಟೆಯಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು, ಉಪ್ಪು ಎಲ್ಲ ಎರಡೂ ಕಡೆ ಸರಿಸಮ ಮಾಡಿದ್ರು, ಎಷ್ಟು ಬೇಕೋ ಅಷ್ಟು ತಿನ್ನಿ ಅಂದ್ರು. ಸಂಸ್ಕರಿಸಿದ್ದು ಕೊಟ್ಟ ದಿನಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದ್ರು, ಎರಡು ವಾರಕ್ಕೆ ಹತ್ತಿರ ಹತ್ತಿರ ಒಂದು ಕೆಜಿ ಏರಿದ್ರು, ಇನ್ನೊಂದು ಊಟದಲ್ಲಿ ಅಷ್ಟೇ ಇಳಿದ್ರು. ಬರೀ 20 ಜನ ಅಂತ ಮೂಗು ಮುರೀಬೇಡಿ. ಲಕ್ಷ ಜನರ ನೆನಪಿನ ಪಟ್ಟಿಗಿಂತ ಈ 20 ಜನರ ತಟ್ಟೆಯಲ್ಲಿ ಉಳಿದ ಎಂಜಲನ್ನ ತೂಗಿದ್ದು ನನಗೆ ಹೆಚ್ಚು. ಹೂಂ, ಎಂಜಲು ತೂಗೋದು ಕೂಡ ರಿಸರ್ಚೇ, ದಿನಾ ಏನ್ ಕೆಲ್ಸ ಅಂತ ಕೇಳಿದ್ರಲ್ಲ.

ಒಳಗೆ ಹೋಗಿದ್ದರ ಕಥೆ ಇದಾದ್ರೆ ಹೊರಗೆ ಬಂದಿದ್ದರ ಕಥೆ ಬೇರೆ. ಹೇಸಿಗೆ ಇದ್ರೆ ಈಗಲೇ ಹೇಳ್ಬಿಡಿ, ಯಾಕಂದ್ರೆ ಈ ವೃತ್ತಿಯ ಅರ್ಧ ಭಾಗ ಮಲದ ಡಬ್ಬಿಗಳ ಜೊತೆನೇ ಕಳೆಯುತ್ತೆ. ಡಬ್ಬಿ ಕೊಡೋದು, ಹೆಂಗೆ ಹಿಡೀಬೇಕು ಅಂತ ಮುಜುಗರ ಆಗದ ಹಾಗೆ ವಿವರಿಸೋದು (ಇದಕ್ಕೆ ನಿಜವಾಗ್ಲೂ ಒಂದು ಕಲೆ ಬೇಕು, ಮೊದಲ್ನೇ ಸಲ ನಾನು ತೊದಲಿದ್ದೆ), ಬಂದ ತಕ್ಷಣ ಮೈನಸ್ 80 ಡಿಗ್ರಿ ಫ್ರೀಜರ್‌ಗೆ ಹಾಕೋದು, ರಾತ್ರಿ ಕರೆಂಟ್ ಹೋದ್ರೆ ಎದ್ದು ಓಡೋದು. ಒಂದ್ಸಲ ಫ್ರೀಜರ್ ಕೈಕೊಟ್ಟು, ಅಲಾರ್ಮ್ ಯಾರಿಗೂ ಕೇಳಿಸ್ದೆ, ಬೆಳಗ್ಗೆ ಬಂದು ನೋಡಿದ್ರೆ ಎಂಟು ತಿಂಗಳ ಸ್ಯಾಂಪಲ್ ಕರಗಿ ಕೂತಿತ್ತು. ಅವತ್ತು ಇಡೀ ಲ್ಯಾಬಲ್ಲಿ ಯಾರೂ ಮಾತಾಡ್ಲಿಲ್ಲ, ವಾಸನೆನೇ ಎಲ್ಲ ಹೇಳ್ತಿತ್ತು.

ಆದ್ರೆ ಆ ಡಬ್ಬಿಯೊಳಗೆ ಎಂಥ ಉತ್ತರ ಇರುತ್ತೆ ಅಂತ ಒಂದು ಉದಾಹರಣೆ ಹೇಳ್ಲೇಬೇಕು, ನಂಗೆ ಈ ಫೀಲ್ಡಲ್ಲಿ ಅತ್ಯಂತ ಇಷ್ಟದ ಕಥೆ ಇದು. ಸೀಲಿಯಾಕ್ ಕಾಯಿಲೆ ಗೊತ್ತಲ್ಲ, ಗೋಧಿಯಲ್ಲಿರೋ ಪ್ರೊಟೀನ್ ಆದ ಗ್ಲುಟೆನ್‌ಗೆ ದೇಹದ ರೋಗನಿರೋಧಕ ವ್ಯವಸ್ಥೆ ತಿರುಗಿ ಬಿದ್ದು ಸಣ್ಣ ಕರುಳಿನ ಒಳಪದರ ಹಾಳು ಮಾಡೋದು. ಹಿಂದೆ ಇದ್ರ ಕಾರಣ ಗೊತ್ತಿರ್ಲಿಲ್ಲ, ಮಕ್ಕಳು ಭೇದಿಯಾಗಿ ಸೊರಗಿ ಸಾಯ್ತಿದ್ವು. 1924ರಲ್ಲಿ ಸಿಡ್ನಿ ಹಾಸ್ ಅನ್ನೋ ಅಮೆರಿಕದ ಡಾಕ್ಟ್ರು ಈ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಕೊಟ್ರು, ಮಕ್ಕಳು ಚೇತರಿಸ್ಕೊಂಡ್ರು, ಬಾಳೆಹಣ್ಣೇ ಔಷಧಿ ಅಂತ ಎಲ್ರೂ ನಂಬಿದ್ರು. ನಿಜ ಏನಂದ್ರೆ ಆ ಪಥ್ಯದಲ್ಲಿ ಬ್ರೆಡ್ ಇರ್ಲಿಲ್ಲ, ಅಷ್ಟೇ. ಕೊಟ್ಟಿದ್ದು ಕೆಲ್ಸ ಮಾಡಿದ್ದಲ್ಲ, ಬಿಡಿಸಿದ್ದು ಕೆಲ್ಸ ಮಾಡಿದ್ದು. ನೆದರ್ಲೆಂಡ್ಸ್‌ನ ಮಕ್ಕಳ ಡಾಕ್ಟ್ರು ವಿಲೆಮ್ ಡಿಕೆಗೆ 1930ರ ದಶಕದಿಂದಲೇ ಗೋಧಿ ಮೇಲೆ ಅನುಮಾನ ಇತ್ತು. 1944-45ರ ಚಳಿಗಾಲದಲ್ಲಿ ಯುದ್ಧದಿಂದ ಅಲ್ಲಿ ಭೀಕರ ಬರ ಬಿದ್ದು ಬ್ರೆಡ್ಡೇ ಸಿಗದ ಹಾಗಾಯ್ತು, ಊರೆಲ್ಲ ಹಸಿವಿಂದ ಒದ್ದಾಡ್ತಿದ್ರೆ ಈ ಮಕ್ಕಳ ಹೊಟ್ಟೆ ಮಾತ್ರ ಸುಧಾರಿಸ್ತು, ಬ್ರೆಡ್ ವಾಪಸ್ ಬಂದಾಗ ಮತ್ತೆ ಕೆಡ್ತು. ಬೇರೆಯವರಾಗಿದ್ರೆ ಇಷ್ಟಕ್ಕೇ ಪುಸ್ತಕ ಬರ್ದುಬಿಡ್ತಿದ್ರು. ಡಿಕೆ ಮತ್ತವರ ಜೊತೆಯವರು ಏನ್ ಮಾಡಿದ್ರು ಗೊತ್ತಾ, ಮಕ್ಕಳಿಗೆ ಗೋಧಿ ಕೊಟ್ಟು, ನಿಲ್ಸಿ, ಮತ್ತೆ ಕೊಟ್ಟು, ಪ್ರತೀ ಸಲ ಮಲದಲ್ಲಿ ಎಷ್ಟು ಕೊಬ್ಬು ಹೀರದೆ ಹೊರಗೆ ಹೋಯ್ತು ಅಂತ ಅಳೆದ್ರು. ಗೋಧಿ ಕೊಟ್ಟಾಗ ಏರೋದು, ಬಿಟ್ಟಾಗ ಇಳಿಯೋದು. 1950ರಲ್ಲಿ ಅವರ ಪ್ರಬಂಧ ಬಂತು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೂತು ಮಲದ ಕೊಬ್ಬು ಅಳೆಯೋದು ಅಂದ್ರೆ ನಿಮ್ಮ ಮನೆಯವರು ಏನಂತಾರೋ, ಆದ್ರೆ ಇವತ್ತಿಗೂ ಆ ಮಕ್ಕಳಿಗೆ ಕೊಡೋ ಚಿಕಿತ್ಸೆ ಅದೇ, ಗ್ಲುಟೆನ್ ಬಿಡಿಸೋದು.

ನಮ್ಮ ಫೀಲ್ಡಿನ ಹುಟ್ಟೇ ಒಂಥರಾ ನಾಚಿಕೆಗೇಡಿನ ಜೊತೆ ಬೆರೆತಿದೆ, ಅದನ್ನೂ ತಿಳ್ಕೊಂಡೇ ಬನ್ನಿ. 1822ರಲ್ಲಿ ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ತುಪ್ಪಳ ವ್ಯಾಪಾರದ ಕೂಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಅನ್ನೋನಿಗೆ ಅಚಾನಕ್ ಗುಂಡು ತಗುಲಿ ಹೊಟ್ಟೆಗೆ ತೂತಾಯ್ತು. ಸೈನ್ಯದ ಡಾಕ್ಟ್ರು ವಿಲಿಯಂ ಬೋಮಾಂಟ್ ಉಳಿಸಿದ್ರು, ಆದ್ರೆ ತೂತು ಮುಚ್ಚಲೇ ಇಲ್ಲ, ಹೊರಗಿಂದ ನೋಡಿದ್ರೆ ಜಠರದ ಒಳಗು ಕಾಣೋದು. ಬೋಮಾಂಟ್ ರೇಷ್ಮೆ ದಾರಕ್ಕೆ ಆಹಾರದ ಚೂರು ಕಟ್ಟಿ ಒಳಗಿಳಿಸಿ, ಗಂಟೆ ಗಂಟೆಗೂ ಎಳೆದು ನೋಡಿ, ಜಠರರಸವನ್ನ ಹೊರಗೆ ತೆಗೆದು ಶೀಶೆಯಲ್ಲಿಟ್ರೂ ಮಾಂಸ ಕರಗುತ್ತೆ ಅಂತ ತೋರ್ಸಿದ್ರು, ಅಂದ್ರೆ ಜೀರ್ಣ ಅನ್ನೋದು ರಸಾಯನಶಾಸ್ತ್ರ. 1833ರಲ್ಲಿ ಅವರ ಪುಸ್ತಕ ಬಂತು. ಕೆಲ್ಸ ಅದ್ಭುತ. ಆದ್ರೆ ಆ ಬಡಪಾಯಿಗೆ ಓದು ಬರಹ ಬರ್ತಿರ್ಲಿಲ್ಲ, ಅವನಿಂದ ಕರಾರು ಬರೆಸ್ಕೊಂಡಿದ್ರು, ಅವನು ಮನೆಗೆಲಸದ ಆಳೂ ಹೌದು, ಪ್ರಯೋಗದ ವಸ್ತುನೂ ಹೌದು. ಎಷ್ಟೋ ಸಲ ಬಿಟ್ಟು ಊರಿಗೆ ಹೋಗಿಬಿಟ್ಟ. ಅವನು ಡಾಕ್ಟ್ರಿಗಿಂತ ಎಷ್ಟೋ ವರ್ಷ ಜಾಸ್ತಿ ಬದುಕಿ 1880ರಲ್ಲಿ ತೀರ್ಕೊಂಡಾಗ, ಡಾಕ್ಟ್ರುಗಳು ಹೆಣ ಕೊಯ್ದುಬಿಡ್ತಾರೆ ಅಂತ ಮನೆಯವರು ಅದು ಕೊಳೆಯೋ ತನಕ ಕಾದು ಆಮೇಲೆ ಮಣ್ಣು ಮಾಡಿದ್ರಂತೆ. ಎಥಿಕ್ಸ್ ಕಮಿಟಿಯ ನಲವತ್ತು ಪುಟದ ಫಾರ್ಮು ತುಂಬೋವಾಗ ನನ್ನ ಸ್ಟೂಡೆಂಟ್ಸ್ ಗೊಣಗ್ತಾರಲ್ಲ, ಆಗ ಈ ಕಥೆ ಹೇಳ್ತೀನಿ. ಗೊಣಗಾಟ ನಿಲ್ಲುತ್ತೆ ಅಂತಲ್ಲ, ಸ್ವಲ್ಪ ಕಮ್ಮಿ ಆಗುತ್ತೆ.

ಈಗ ನಿಮ್ಮ ಸಿಟ್ಟಿನ ಪಾಯಿಂಟಿಗೆ ಬರ್ತೀನಿ, ಇವತ್ತು ಒಂದು ನಾಳೆ ಒಂದು ಹೇಳ್ತಾರೆ ಅನ್ನೋದು. ಅದ್ರಲ್ಲಿ ಎರಡು ಥರ ಇದೆ. ಒಂದು, ಕೆಟ್ಟ ಅಳತೆಯಿಂದ ಹುಟ್ಟಿದ ಸುದ್ದಿ, ಅದನ್ನ ಬೈಯ್ಯಿರಿ, ನಾನೂ ಬೈತೀನಿ. ಇನ್ನೊಂದು, ಒಳ್ಳೇ ವಿಜ್ಞಾನಿ ತನ್ನ ತಪ್ಪನ್ನ ತಾನೇ ಹುಡುಕಿ ಹೇಳೋದು, ಹೊರಗಿನವರಿಗೆ ಎರಡೂ ಒಂದೇ ಥರ ಕಾಣುತ್ತೆ. ಆಸ್ಟ್ರೇಲಿಯಾದ ಮೊನಾಶ್ ಯೂನಿವರ್ಸಿಟಿಯ ಪೀಟರ್ ಗಿಬ್ಸನ್ ತಂಡ 2011ರಲ್ಲಿ ಒಂದು ಟ್ರಯಲ್ ಮಾಡ್ತು: ಸೀಲಿಯಾಕ್ ಇಲ್ಲ, ಆದ್ರೂ ಕಿರಿಕಿರಿ ಕರುಳಿನ ತೊಂದ್ರೆ ಇರೋ 34 ಜನ, ಯಾರಿಗೆ ಗ್ಲುಟೆನ್ ಕೊಟ್ರು ಯಾರಿಗೆ ಇಲ್ಲ ಅಂತ ತಿಂದೋರಿಗೂ ಗೊತ್ತಿಲ್ಲ, ಕೊಟ್ಟೋರಿಗೂ ಗೊತ್ತಿಲ್ಲ. ಗ್ಲುಟೆನ್ ತಿಂದೋರಿಗೆ ಜಾಸ್ತಿ ತೊಂದ್ರೆ ಆಯ್ತು. ಪ್ರಪಂಚದ ತುಂಬಾ "ಗ್ಲುಟೆನ್ ಬಿಡಿ" ಅನ್ನೋರಿಗೆ ಹಬ್ಬ. ಆದ್ರೆ ಆ ತಂಡಕ್ಕೇ ಸಮಾಧಾನ ಇರ್ಲಿಲ್ಲ, ಗೋಧಿಯಲ್ಲಿ ಗ್ಲುಟೆನ್ ಒಂದೇ ಇದೆಯಾ, ಕರುಳಲ್ಲಿ ಹುದುಗಿ ಗ್ಯಾಸ್ ಮಾಡೋ ಫ್ರಕ್ಟಾನ್ ಅನ್ನೋ ಸಕ್ಕರೆ ಸರಪಳಿನೂ ಇದೆಯಲ್ಲ ಅಂತ ಮತ್ತೊಂದು ಟ್ರಯಲ್ ಮಾಡಿದ್ರು, 37 ಜನ, ಮೊದಲು ಅಂಥ ಹುದುಗೋ ಅಂಶಗಳನ್ನೆಲ್ಲ ಊಟದಿಂದ ತೆಗೆದು ಆಮೇಲೆ ಶುದ್ಧ ಗ್ಲುಟೆನ್ ಕೊಟ್ರು. 2013ರಲ್ಲಿ ಬಂದ ಫಲಿತಾಂಶ: ಗ್ಲುಟೆನ್‌ನಿಂದ ಅಂತ ಹೇಳ್ಬೋದಾದ ತೊಂದ್ರೆ ಏನೂ ಕಾಣ್ಲಿಲ್ಲ. ತಾವೇ ಎರಡು ವರ್ಷದ ಹಿಂದೆ ಹೇಳಿದ್ದನ್ನ ತಾವೇ ಕೆಡವಿದ್ರು! 2018ರಲ್ಲಿ ನಾರ್ವೆಯವರು 59 ಜನರಲ್ಲಿ ನೋಡಿದಾಗ ಫ್ರಕ್ಟಾನ್‌ಗೇ ಹೊಟ್ಟೆ ಉಬ್ಬರ ಜಾಸ್ತಿ ಬಂತು. ನಿಮಗೆ ಈ ಕಥೆ ಓದಿ "ಅಯ್ಯೋ ಇವರಿಗೇ ಗೊತ್ತಿಲ್ಲ" ಅನ್ಸಿದ್ರೆ ಬರ್ಬೇಡಿ. "ಪ್ರಶ್ನೆ ಎಷ್ಟು ಚೊಕ್ಕ ಆಯ್ತು" ಅನ್ಸಿದ್ರೆ ಬನ್ನಿ.

ಸ್ಪೇನಿನ ಪ್ರೆಡಿಮೆಡ್ ಅನ್ನೋ ಟ್ರಯಲ್ ಅಂತೂ ಇನ್ನೂ ದೊಡ್ಡದು, 7,447 ಜನ, ಆಲಿವ್ ಎಣ್ಣೆ, ಒಣಬೀಜಗಳು ಹೃದಯಕ್ಕೆ ಒಳ್ಳೇದಾ ಅಂತ ನೋಡಿದ್ದು. 2013ರಲ್ಲಿ ಬಂತು, 2018ರಲ್ಲಿ ವಾಪಸ್ ತಗೊಂಡು ತಿದ್ದಿ ಮತ್ತೆ ಹಾಕಿದ್ರು, ಯಾಕಂದ್ರೆ ಕೆಲವು ಕಡೆ ಒಬ್ಬೊಬ್ಬರಿಗೇ ಚೀಟಿ ಎತ್ತೋ ಬದ್ಲು ಒಂದೇ ಮನೆಯವರನ್ನ, ಒಂದು ಕಡೆಯಂತೂ ಒಂದೊಂದು ಕ್ಲಿನಿಕ್ಕಿನವರನ್ನ ಒಟ್ಟಿಗೇ ಒಂದು ಗುಂಪಿಗೆ ಹಾಕಿದ್ರು. ತಿದ್ದಿದ ಮೇಲೂ ಉತ್ತರ ಹೆಚ್ಚುಕಮ್ಮಿ ಅದೇ ಬಂತು, ಆದ್ರೆ ಹೇಳೋ ಧ್ವನಿ ಸ್ವಲ್ಪ ತಗ್ಗಿಸ್ಬೇಕಾಯ್ತು. ಅದಕ್ಕೇ ಹೇಳೋದು, ನಿಮ್ಮ ಮೊದಲ್ನೇ ಗೆಳೆಯ ಸ್ಟ್ಯಾಟಿಸ್ಟಿಕ್ಸ್ ಓದಿದೋನಾಗಿರ್ಲಿ, ಮತ್ತೆ ಟ್ರಯಲ್ ಶುರುವಾಗೋ ಮುಂಚೆನೇ ಅವರ ಹತ್ರ ಹೋಗಿ. ಮುಗಿದ ಮೇಲೆ ಡೇಟಾ ಹೊತ್ಕೊಂಡು ಹೋದ್ರೆ ಅವರು ಪೋಸ್ಟ್‌ಮಾರ್ಟಮ್ ರಿಪೋರ್ಟ್ ಮಾತ್ರ ಕೊಡ್ತಾರೆ.

ಕರುಳಿನ ಸೂಕ್ಷ್ಮಜೀವಿಗಳ ಬಗ್ಗೆ ಕೇಳೇ ಕೇಳ್ತೀರಿ, ಈಗಿನ ಹುಡುಗರೆಲ್ಲ ಅದಕ್ಕೇ ಬರೋದು. ಬನ್ನಿ, ಬೇಡ ಅನ್ನಲ್ಲ. ಆದ್ರೆ "ನಮ್ಮ ಜೀವಕೋಶಗಳಿಗಿಂತ ಹತ್ತು ಪಟ್ಟು ಬ್ಯಾಕ್ಟೀರಿಯಾ ಒಳಗಿವೆ" ಅಂತ ನಾನೂ ಎಷ್ಟೋ ವರ್ಷ ಪಾಠ ಮಾಡಿದ್ದೆ, 2016ರಲ್ಲಿ ಯಾರೋ ಕೂತು ಸರಿಯಾಗಿ ಲೆಕ್ಕ ಹಾಕಿದ್ರೆ ಬ್ಯಾಕ್ಟೀರಿಯಾ ಸುಮಾರು 38 ಲಕ್ಷ ಕೋಟಿ, ನಮ್ಮ ಕೋಶ ಸುಮಾರು 30 ಲಕ್ಷ ಕೋಟಿ, ಅಂದ್ರೆ ಹೆಚ್ಚುಕಮ್ಮಿ ಸರಿಸಮ. ಹತ್ತು ಪಟ್ಟು ಅನ್ನೋದು 1970ರ ದಶಕದ ಒಂದು ಅಂದಾಜು, ಯಾರೂ ತಿರುಗಿ ನೋಡದೆ ಒಬ್ಬರಿಂದ ಒಬ್ಬರು ಕಾಪಿ ಹೊಡೆದಿದ್ದು, ನನ್ನನ್ನೂ ಸೇರಿಸಿ. ಗಟ್ಟಿಯಾಗಿ ಗೊತ್ತಿರೋದು ಇದೆ: ನಾವು ಜೀರ್ಣಿಸ್ಕೊಳ್ಳೋಕಾಗದ ನಾರನ್ನ ಅವು ಹುದುಗಿಸಿ ಬ್ಯುಟಿರೇಟ್ ಥರದ ಆಮ್ಲ ಮಾಡ್ತವೆ, ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಅದೇ ಮುಖ್ಯ ಆಹಾರ. ಸಿ. ಡಿಫಿಸಿಲ್ ಅನ್ನೋ ಬ್ಯಾಕ್ಟೀರಿಯಾದ ಭೇದಿ ಮತ್ತೆ ಮತ್ತೆ ಬರೋರಿಗೆ ಆರೋಗ್ಯವಂತರ ಮಲವನ್ನ ದ್ರಾವಣ ಮಾಡಿ ಕರುಳಿಗೆ ಬಿಟ್ಟಾಗ 16ರಲ್ಲಿ 15 ಜನ ವಾಸಿಯಾದ್ರು, ಇದು 2013ರ ಡಚ್ ಟ್ರಯಲ್. ಇದೇ ಚಿಕಿತ್ಸೆನ ಬೇರೆ ಕಾಯಿಲೆಗಳಿಗೆ ಮಾಡಿದಾಗ ಅಷ್ಟು ಚಂದದ ಉತ್ತರ ಬಂದಿಲ್ಲ. ಡಬ್ಬಿ ಕಳ್ಸಿದ್ರೆ ನಿಮ್ಮ ಬ್ಯಾಕ್ಟೀರಿಯಾ ನೋಡಿ ಊಟದ ಪಟ್ಟಿ ಕೊಡ್ತೀವಿ ಅನ್ನೋರಿಗೆ ನಾನಂತೂ ಡಬ್ಬಿ ಕಳ್ಸಿಲ್ಲ.

ನಿಮ್ಮ ಮನೆಯವರ ಪ್ರಶ್ನೆ ಇದೆಯಲ್ಲ, ಪೇಷಂಟ್ ನೋಡೋದು ಬಿಟ್ಟು ಇದೇನು ಅನ್ನೋದು, ಅವರಿಗೆ ಓಆರ್‌ಎಸ್ ಕಥೆ ಹೇಳಿ. 1960ರಲ್ಲಿ ರಾಬರ್ಟ್ ಕ್ರೇನ್ ಅನ್ನೋ ಜೀವರಸಾಯನ ವಿಜ್ಞಾನಿ ಸಣ್ಣ ಕರುಳಿನ ಗೋಡೆಯಲ್ಲಿ ಗ್ಲೂಕೋಸು ಸೋಡಿಯಮ್ಮು ಜೊತೆಜೊತೆಗೇ ಒಳಗೆ ಹೋಗ್ತವೆ ಅಂತ ಹೇಳಿದ್ರು. ಬರೀ ಲ್ಯಾಬಿನ ಮಾತು, ಅವತ್ತು ಯಾರಾದ್ರೂ "ಇದ್ರಿಂದ ಏನುಪಯೋಗ" ಅಂತ ಕೇಳಿದ್ರೆ ಉತ್ತರ ಕೊಡೋದು ಕಷ್ಟ ಇತ್ತು. ಕಾಲರಾದಲ್ಲಿ ಕರುಳು ನೀರು ಉಪ್ಪು ಎಲ್ಲ ಹೊರಗೆ ಚೆಲ್ಲುತ್ತೆ, ಬರೀ ಉಪ್ಪುನೀರು ಕುಡಿಸಿದ್ರೆ ಹಿಡಿಯಲ್ಲ, ಆದ್ರೆ ಈ ಜೋಡಿ ಬಾಗಿಲು ಮಾತ್ರ ಕಾಲರಾದಲ್ಲೂ ಕೆಲ್ಸ ಮಾಡ್ತಿರುತ್ತೆ, ಸಕ್ಕರೆ ಜೊತೆ ಉಪ್ಪು ಹೋದ್ರೆ ಹಿಂದೆನೇ ನೀರೂ ಹೋಗುತ್ತೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬಂಗಾಂವ್ ಶಿಬಿರದಲ್ಲಿ ಕಾಲರಾದಿಂದ ಸಾಯ್ತಿದ್ದಾಗ, ರಕ್ತನಾಳಕ್ಕೆ ಹಾಕೋ ಸಲೈನ್ ಸಾಕಾಗ್ದೇ ಇದ್ದಾಗ, ದಿಲೀಪ್ ಮಹಲನಬೀಸ್ ಅನ್ನೋ ಡಾಕ್ಟ್ರು ಗ್ಲೂಕೋಸು ಉಪ್ಪು ಬೆರೆಸಿ ಪೊಟ್ಟಣ ಕಟ್ಟಿಸಿ, ನೀರಲ್ಲಿ ಕದಡಿ ಕುಡಿಸಿ ಅಂತ ರೋಗಿಗಳ ಮನೆಯವರ ಕೈಗೇ ಕೊಟ್ರು. ಶೇ 30ರ ಆಸುಪಾಸಲ್ಲಿದ್ದ ಸಾವು ಶೇ 3.6ಕ್ಕೆ ಇಳೀತು. ಅಲ್ಲಿಗೆ ಮುಗೀಲಿಲ್ಲ, 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ದ್ರಾವಣದ ಸಾಂದ್ರತೆಯನ್ನ (ಅದ್ರಲ್ಲಿ ಕರಗಿರೋ ಕಣಗಳ ಲೆಕ್ಕ) ಲೀಟರಿಗೆ 311 ಮಿಲಿಆಸ್ಮೋಲ್‌ನಿಂದ 245ಕ್ಕೆ ಇಳ್ಸಿತು, ಯಾಕಂದ್ರೆ ಸ್ವಲ್ಪ ತೆಳುವಾಗಿದ್ರೆ ಭೇದಿ ವಾಂತಿ ಇನ್ನೂ ಕಮ್ಮಿ ಆಗುತ್ತೆ ಅಂತ ಟ್ರಯಲ್‌ಗಳಲ್ಲಿ ಗೊತ್ತಾಯ್ತು. ಮೂವತ್ತು ವರ್ಷ ಆದ್ಮೇಲೂ ಒಂದು ಪೊಟ್ಟಣದ ಉಪ್ಪನ್ನ ಸರಿ ಮಾಡ್ತಾ ಕೂತಿರೋರು ನಾವು.

ಅಂದಹಾಗೆ ಪೇಷಂಟ್ ನೋಡೋದನ್ನ ಬಿಡ್ಬೇಡಿ. ವಾರಕ್ಕೆ ಒಂದೆರಡು ದಿನ ಓಪಿಡಿಯಲ್ಲಿ ಕೂತ್ಕೊಳ್ಳಿ. ನನ್ನ ಒಳ್ಳೇ ಪ್ರಶ್ನೆಗಳೆಲ್ಲ ಅಲ್ಲಿಂದ್ಲೇ ಬಂದಿದ್ದು, ಲೈಬ್ರರಿಯಿಂದ ಅಲ್ಲ. ಎಂಡೋಸ್ಕೋಪಿ, ಸ್ಕ್ಯಾನ್, ರಕ್ತ ಎಲ್ಲ ನಾರ್ಮಲ್ ಅಂತ ಫೈಲ್ ಹಿಡ್ಕೊಂಡು ಬಂದ ಒಬ್ಬ ಅಮ್ಮ "ಎಲ್ಲ ನಾರ್ಮಲ್ ಆದ್ರೆ ನೋವು ಯಾರದ್ದಪ್ಪ ಹಾಗಾದ್ರೆ" ಅಂತ ಕೇಳಿದ್ರು, ಅದಕ್ಕೆ ಉತ್ತರ ಹುಡುಕ್ತಾ ಕರುಳಿನ ನರಗಳ ಸೂಕ್ಷ್ಮತೆ ಓದೋಕೆ ಹೋಗಿ ಹತ್ತು ವರ್ಷ ಅಲ್ಲೇ ಕಳೆದೆ.

ದಾರಿ ಹೆಂಗೆ ಅಂದ್ರೆ, ಎಂಡಿ ಆಮೇಲೆ ಗ್ಯಾಸ್ಟ್ರೋ ಮಾಡಿ ಜೊತೆಗೆ ರಿಸರ್ಚ್ ಮಾಡ್ಬೋದು, ಇಲ್ಲಾ ನೇರ ಪಿಎಚ್‌ಡಿಗೆ ಹೋಗ್ಬೋದು, ಎರಡೂ ಉದ್ದನೇ. ದುಡ್ಡು ಕ್ಲಿನಿಕ್ ಇಟ್ಟ ನಿಮ್ಮ ಬ್ಯಾಚಿನವರಷ್ಟು ಬರಲ್ಲ, ಹೊಟ್ಟೆಪಾಡಿಗೇನೂ ತೊಂದ್ರೆ ಇಲ್ಲ. ಗ್ರಾಂಟ್ ಅರ್ಜಿ ಹತ್ತು ಹಾಕಿದ್ರೆ ಎಂಟು ವಾಪಸ್ ಬರ್ತವೆ. ಆಹಾರದ ಕಂಪನಿಯವರು ದುಡ್ಡು ಕೊಡ್ತೀವಿ ಅಂತ ಬರ್ತಾರೆ, ಬಂದಾಗ ಒಂದೇ ಪ್ರಶ್ನೆ ಕೇಳಿ: ಫಲಿತಾಂಶ ನಿಮಗೆ ಉಲ್ಟಾ ಬಂದ್ರೂ ನಾನು ಪ್ರಕಟಿಸ್ಬೋದಾ, ಇದನ್ನ ಕರಾರಲ್ಲಿ ಬರ್ಕೊಡ್ತೀರಾ ಅಂತ. ಅಲ್ಲೇ ಅರ್ಧ ಜನ ಟೀ ಕುಡಿದು ಎದ್ದು ಹೋಗ್ತಾರೆ.

ಲ್ಯಾಬ್ ಹುಡುಕೋ ಮುಂಚೆ ಒಂದು ಕೆಲ್ಸ ಮಾಡಿ. ನಾಳೆಯಿಂದ ಏಳು ದಿನ ನೀವು ತಿಂದಿದ್ದು ಕುಡಿದಿದ್ದು ಎಲ್ಲ ಆಗಾಗ್ಲೇ ತೂಕ ಮಾಡಿ ಬರ್ದಿಡಿ, ಎಂಟನೇ ದಿನ ಆ ಪುಸ್ತಕ ಬೀರುವಲ್ಲಿಟ್ಟು ಬರೀ ನೆನಪಿಂದ ಇನ್ನೊಂದು ಪಟ್ಟಿ ಬರೀರಿ, ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡಕ್ಕೂ ಎಷ್ಟು ವ್ಯತ್ಯಾಸ ಬಂತು ಅಂತ ನಂಗೆ ಬರ್ದು ಕಳ್ಸಿ, ಯಾವ ದಿನ ಬರೆಯೋದು ಮರ್ತ್ರಿ ಅನ್ನೋದನ್ನೂ ಸೇರಿಸಿ.